ಅದು ಬೋಳುಗುಡ್ಡ ಅಲ್ಲ

ಭಾನುವಾರ ಕಂಡಿದ್ದನ್ನು ಬುಧವಾರ ಬರೆಯುತ್ತಿದ್ದೇನೆ. ಅವತ್ತೇ ಕೂತಿದ್ದರೆ ಬೈಗುಳವೇ ಜಾಸ್ತಿ ಇರುತ್ತಿತ್ತು. ಈಗಲೂ ಸಿಟ್ಟು ಪೂರ್ತಿ ಇಳಿದಿಲ್ಲ.

ತಂಗಿಯ ಮಗಳು ರಜೆಗೆ ಬಂದಿದ್ದಾಳೆ. "ಮುಳ್ಳಯ್ಯನಗಿರಿಗೆ ಹೋಗೋಣ ದೊಡ್ಡಮ್ಮ" ಎಂದು ಎರಡು ದಿನದಿಂದ ಹಟ. ಹೋದೆವು. ಮೇಲೆ ಸೀತಾಳಯ್ಯನಗಿರಿ ಹತ್ತಿರ ರಸ್ತೆ ಪಕ್ಕ ಒಂದು ಮಿನಿ ಬಸ್ಸು ನಿಂತಿತ್ತು. ಅದಕ್ಕೊಂದು ಬ್ಯಾನರ್, "ಬೋಳುಗುಡ್ಡಕ್ಕೆ ಹಸಿರು ಹೊದಿಕೆ" ಎಂದು ದೊಡ್ಡ ಅಕ್ಷರದಲ್ಲಿ. ಇಪ್ಪತ್ತೈದು ಜನ ಇರಬಹುದು, ಎಲ್ಲರೂ ಹುಡುಗ ಹುಡುಗಿಯರು, ಒಂದೇ ಬಣ್ಣದ ಟೀ ಶರ್ಟು, ಕೈಯಲ್ಲಿ ಹಾರೆ, ಗುದ್ದಲಿ. ಇಳಿಜಾರಿನ ಹುಲ್ಲು ಕೆತ್ತಿ ಗುಂಡಿ ತೆಗೆಯುತ್ತಿದ್ದರು. ಪಕ್ಕದಲ್ಲಿ ಕ್ರೇಟಿನ ತುಂಬ ಸಸಿಗಳು. ಬಗ್ಗಿ ನೋಡಿದೆ. ಬೇವು, ಹೊಂಗೆ, ಒಂದಿಷ್ಟು ಸಿಲ್ವರ್ ಓಕ್.

ಬೇವು! ಮುಳ್ಳಯ್ಯನಗಿರಿ ಬೆಟ್ಟದ ಮೇಲೆ ಬೇವು!

ಒಬ್ಬ ಹುಡುಗನನ್ನು ಕೇಳಿದೆ, ಏನಪ್ಪಾ ಇದು ಎಂದು. ಅವನು ತುಂಬಾ ಮರ್ಯಾದೆಯಿಂದಲೇ ಹೇಳಿದ, "ನೋಡಿ ಆಂಟಿ, ಇಷ್ಟು ದೊಡ್ಡ ಬೆಟ್ಟದಲ್ಲಿ ಒಂದು ಮರ ಇಲ್ಲ. ಎಲ್ಲಾ ಕಡಿದು ಹಾಕಿದ್ದಾರೆ."

ಯಾರೂ ಕಡಿದಿಲ್ಲ ಕಣಪ್ಪ. ಅಲ್ಲಿ ಮರ ಇರಲೇ ಇಲ್ಲ. ಅಲ್ಲಿ ಇರಬೇಕಾದದ್ದೇ ಹುಲ್ಲು.

ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದವಳು ನಾನು, ನಿಮಗೆಲ್ಲ ಗೊತ್ತಿರುವ ವಿಷಯ. ಹಾಗಾಗಿ ಆ ಮಾತು ಕೇಳಿ ಸುಮ್ನೆ ಬರಲು ಆಗಲಿಲ್ಲ. ಬಯೋಮ್ ಎಂಬ ಪದ ನಾವೆಲ್ಲ ಓದಿದ್ದೇವೆ ಅಲ್ವಾ? ಒಂದು ಜಾಗದ ಬಿಸಿಲು, ಚಳಿ, ಮಳೆ, ಗಾಳಿ ಎಲ್ಲ ಸೇರಿ ಅಲ್ಲಿ ಎಂಥ ಗಿಡ, ಎಂಥ ಪ್ರಾಣಿ ಬದುಕಬೇಕು ಎಂದು ಸಾವಿರಾರು ವರ್ಷಗಳಲ್ಲಿ ತೀರ್ಮಾನ ಮಾಡುತ್ತವೆ. ಹಾಗೆ ತೀರ್ಮಾನವಾಗಿ ಬಂದ ಬದುಕಿನ ವಲಯವೇ ಬಯೋಮ್. ರಾಬರ್ಟ್ ವಿಟೇಕರ್ ಎಂಬ ಅಮೆರಿಕದ ವಿಜ್ಞಾನಿ ಇದನ್ನು ಒಂದೇ ಚಿತ್ರದಲ್ಲಿ ತೋರಿಸಿದ್ದರು. ಒಂದು ಬದಿಗೆ ವರ್ಷದ ಮಳೆ, ಇನ್ನೊಂದು ಬದಿಗೆ ಸರಾಸರಿ ಉಷ್ಣತೆ. ಎರಡನ್ನೂ ಗುರುತಿಸಿದರೆ ಅದು ಮರುಭೂಮಿಯೋ, ಮಳೆಕಾಡೋ, ಮರವೇ ಬೆಳೆಯದ ಚಳಿ ಬಯಲಾದ ಟಂಡ್ರಾವೋ ಎಂದು ಗೊತ್ತಾಗುತ್ತದೆ. ಅದೇ ಚಿತ್ರದ ನಡುವೆ ಅವರು ಚುಕ್ಕೆ ಗೆರೆಯಲ್ಲಿ ಒಂದು ದೊಡ್ಡ ವಲಯ ಬರೆದಿದ್ದರು. ಅದರೊಳಗೆ ಮಳೆ ಮತ್ತು ಉಷ್ಣತೆ ಎರಡನ್ನೇ ನೋಡಿದರೆ ಸಾಲದು. ಮಣ್ಣು ಎಂಥದ್ದು, ಬೆಂಕಿ ಬೀಳುತ್ತದಾ ಎಂಬುದರ ಮೇಲೆ ಅಲ್ಲಿ ಹುಲ್ಲೂ ಇರಬಹುದು, ಮರವೂ ಇರಬಹುದು. ಈ ಚುಕ್ಕೆ ಗೆರೆಯನ್ನು ನಾನು ತರಗತಿಯಲ್ಲಿ ಹೇಳುತ್ತಲೇ ಇರಲಿಲ್ಲ. ಪರೀಕ್ಷೆಗೆ ಬರುವುದಿಲ್ಲವಲ್ಲ.

ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿ ಇದನ್ನು ಪುಸ್ತಕ ಇಲ್ಲದೆಯೇ ನೋಡಬಹುದು. ಕೊಟ್ಟಿಗೆಹಾರದಲ್ಲಿ ಬೆಳಿಗ್ಗೆ ಕಾಫಿ ಕುಡಿದು ಹೊರಡಿ. ಅಲ್ಲಿ ಕಾಡಿನೊಳಗೆ ಬಿಸಿಲು ನೆಲ ಮುಟ್ಟುವುದಿಲ್ಲ. ಊಟದ ಹೊತ್ತಿಗೆ ಕಡೂರಿನಲ್ಲಿರುತ್ತೀರಿ. ಅಲ್ಲಿ ಜಾಲಿ, ಬೇವು, ತೆಂಗು, ಕೆಂಪು ದೂಳು. ಅರಬ್ಬಿ ಸಮುದ್ರದ ತೇವ ಹೊತ್ತು ಬಂದ ಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ಏರಿದಂತೆ ತಣ್ಣಗಾಗುತ್ತದೆ, ತಣ್ಣಗಾದ ಗಾಳಿ ಅಷ್ಟೊಂದು ನೀರಾವಿ ಹಿಡಿದುಕೊಳ್ಳಲಾರದೆ ಮಳೆಯಾಗಿ ಸುರಿಸುತ್ತದೆ. ಬೆಟ್ಟ ದಾಟಿ ಪೂರ್ವಕ್ಕೆ ಇಳಿಯುವಾಗ ಅದರ ಹತ್ತಿರ ಕೊಡಲು ಹೆಚ್ಚೇನೂ ಉಳಿದಿರುವುದಿಲ್ಲ. ಹಾಸನ ಜಿಲ್ಲೆಯವರಿಗೂ ಇದೇ ಕತೆ, ಅಲ್ಲಿ ಸಕಲೇಶಪುರ ಮತ್ತು ಅರಸೀಕೆರೆ. ಬೇವು ಕಡೂರು, ಅರಸೀಕೆರೆ ಕಡೆಯ ಮರ. ಒಣಗಾಳಿ ತಡೆಯುತ್ತದೆ, ಕಡಿಮೆ ನೀರಿಗೆ ಬದುಕುತ್ತದೆ. 1,930 ಮೀಟರ್ ಎತ್ತರದಲ್ಲಿ, ಊರಿಗಿಂತ ಐದು ಡಿಗ್ರಿ ಜಾಸ್ತಿ ಚಳಿ ಇರುವ ಕಡೆ, ತಿಂಗಳುಗಟ್ಟಲೆ ಮಂಜಿನಲ್ಲಿ ನೆನೆಯುವ ತೆಳು ಮಣ್ಣಿನಲ್ಲಿ ಅದನ್ನು ತಂದು ಹುಗಿದರೆ ಅದು ಸಾಯುತ್ತದೆ. ಅದರ ಜೊತೆ ಅಲ್ಲಿದ್ದ ಹುಲ್ಲೂ ಹೋಯಿತು.

ಗುಡ್ಡದಲ್ಲಿ ಮರವೇ ಇಲ್ಲ ಎನ್ನುವುದೂ ಸರಿಯಲ್ಲ. ಎರಡು ಏಣುಗಳ, ಅಂದರೆ ಬೆಟ್ಟದ ಉದ್ದ ದಿಣ್ಣೆಗಳ ನಡುವೆ ಹಳ್ಳ ಇರುವ ಕಡೆ ಕೆಳಗೆ ನೋಡಿ. ಗಿಡ್ಡ ಗಿಡ್ಡ ಮರಗಳು ಒತ್ತಾಗಿ, ಕೊಂಬೆಗೆಲ್ಲ ಪಾಚಿ ಮೆತ್ತಿಕೊಂಡು ನಿಂತಿರುತ್ತವೆ. ಅದು ಶೋಲಾ ಕಾಡು. ಗಾಳಿ ತಪ್ಪುವ, ಮಣ್ಣು ದಪ್ಪ ಇರುವ, ನೀರು ನಿಲ್ಲುವ ಮಡಿಲಲ್ಲಿ ಮರ. ಗಾಳಿಗೆ ಎದೆಯೊಡ್ಡಿದ ಏಣಿನ ಮೇಲೆ ಹುಲ್ಲು. ಎರಡೂ ಸೇರಿ ಒಂದೇ ಸಂಸಾರ. ಇದು ನಿನ್ನೆ ಮೊನ್ನೆ ಯಾರೋ ಮರ ಕಡಿದು ಆದದ್ದಲ್ಲ ಎನ್ನುವುದಕ್ಕೆ ಆಧಾರವೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಇಂಥದೇ ಬೆಟ್ಟದ ಜೌಗು ಮಣ್ಣನ್ನು ಪದರ ಪದರವಾಗಿ ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದರು. ಸುಮಾರು 20,000 ವರ್ಷ ಹಿಂದೆಯೂ ಅಲ್ಲಿ ಹುಲ್ಲು ಇತ್ತು. ನಮ್ಮ ಊರು, ದೇವಸ್ಥಾನ, ಕಾಫಿ, ಯಾವುದೂ ಇಲ್ಲದ ಕಾಲ ಅದು. ಅದನ್ನು ಬೋಳು ಎನ್ನುತ್ತೇವೆ!

ಇಷ್ಟನ್ನೂ ಆ ಮಕ್ಕಳಿಗೆ ನಿಂತಲ್ಲೇ ಹೇಳಲು ಹೊರಟಿದ್ದೆ. ಆಗ ಪೂರ್ವದ ಕಡೆ ಮೋಡ ಕಂಡಿತು.

ಮೇ ಮಧ್ಯಾಹ್ನದ ಮೋಡ ನಮಗೆ ಹೊಸದಲ್ಲ. ಬೆಳಿಗ್ಗೆಯಿಂದ ಕಾದ ನೆಲದ ಗಾಳಿ ಹಗುರಾಗಿ ಮೇಲೇಳುತ್ತದೆ. ಒಳಗಿನ ನೀರಾವಿ ಹನಿಯಾಗುವಾಗ ಇನ್ನಷ್ಟು ಶಾಖ ಬಿಡುತ್ತದೆ, ಆ ಶಾಖಕ್ಕೆ ಗಾಳಿ ಇನ್ನೂ ಜೋರಾಗಿ ಮೇಲೇರುತ್ತದೆ. ಮೊದಲು ಹೂಕೋಸಿನ ಹಾಗೆ ಉಬ್ಬಿದ ಬಿಳಿ ಮೋಡ, ಒಂದು ಗಂಟೆಯೊಳಗೆ ಬುಡ ಕಪ್ಪಾಗಿ, ತಲೆ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಕ್ಯುಮುಲೋನಿಂಬಸ್ ಎಂದರೆ ಇದೇ. ಅದರ ನೆತ್ತಿ ಹತ್ತು ಹದಿನೈದು ಕಿಲೋಮೀಟರ್ ಎತ್ತರಕ್ಕೂ ಹೋಗುತ್ತದೆ. ಅಷ್ಟು ಮೇಲೆ ಎಲ್ಲ ಮಂಜುಗಡ್ಡೆ. ಸಣ್ಣ ಹರಳು ಮೇಲಕ್ಕೆ, ಭಾರದ ಗಡ್ಡೆ ಕೆಳಕ್ಕೆ, ಒಂದಕ್ಕೊಂದು ಉಜ್ಜಿ ಉಜ್ಜಿ ಮೋಡದೊಳಗೆ ಧನ, ಋಣ ವಿದ್ಯುತ್ತು ಬೇರೆ ಬೇರೆಯಾಗಿ ಕೂರುತ್ತದೆ. ಅದು ತಡೆಯಲಾರದೆ ಹರಿದಾಗ ಸಿಡಿಲು. ಆ ಕ್ಷಣಕ್ಕೆ ಅದರ ದಾರಿಯ ಗಾಳಿ ಸೂರ್ಯನ ಮೇಲ್ಮೈಗಿಂತ ಸುಮಾರು ಐದು ಪಟ್ಟು ಬಿಸಿಯಾಗಿರುತ್ತದೆ.

ಇದ್ದಕ್ಕಿದ್ದಂತೆ ತಂಪು ಗಾಳಿ ಬೀಸಿತು. ಹುಡುಗಿಯರು ಕೈ ಚಾಚಿ "ವಾವ್" ಎಂದು ಕೂಗಿದರು. ನನಗೆ ಎದೆ ಹೊಡೆದುಕೊಂಡಿತು. ಆ ತಂಪು ಮೋಡದೊಳಗಿನಿಂದ ಮಳೆಯ ಜೊತೆ ಕೆಳಗೆ ಬಿದ್ದು ಮುಂದೆ ಓಡಿ ಬಂದ ಗಾಳಿ. ಅದು ಬಂತು ಎಂದರೆ ಹಿಂದೆಯೇ ಮೋಡ ಇದೆ. ಮಿಂಚು ಕಂಡಿತು, ಎಣಿಸಿದೆ. ಏಳಕ್ಕೆ ಗುಡುಗು ಕೇಳಿತು. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡು ಬೇಕು, ಅಂದರೆ ಎರಡು ಕಿಲೋಮೀಟರ್ ಚಿಲ್ಲರೆ ದೂರ. ಮಿಂಚಿಗೂ ಗುಡುಗಿಗೂ ನಡುವೆ ಮೂವತ್ತು ಎಣಿಸಲು ಆಗದಿದ್ದರೇ ಒಳಗೆ ಸೇರಬೇಕು. ಇವರು ರಾಜ್ಯದ ಅತಿ ಎತ್ತರದ ಬೆಟ್ಟದ ಬಯಲು ಏಣಿನ ಮೇಲೆ ಕಬ್ಬಿಣದ ಹಾರೆ ಹಿಡಿದು ನಿಂತಿದ್ದಾರೆ.

ಹಾರೆ ಬಿಸಾಕಿ ಬಸ್ಸು ಹತ್ತಿ ಎಂದು ಕೂಗಿದೆ. ತರಗತಿಯ ದನಿ ಇನ್ನೂ ಇದೆ, ಎಲ್ಲರೂ ಓಡಿದರು. ಒಬ್ಬ ಮಾತ್ರ ರಸ್ತೆ ಪಕ್ಕ ಒಂಟಿಯಾಗಿ ನಿಂತಿದ್ದ ಮರದ ಕೆಳಗೆ ಹೋಗಿ ನಿಂತ. ಅವನ ತೋಳು ಹಿಡಿದು ಎಳೆದುಕೊಂಡು ಬಂದೆ. ಬಸ್ಸಿನಲ್ಲಿ ಕೂರಿಸಿ ಗಾಜು ಏರಿಸಿ ಎಂದೆ. ನಾನು ಹತ್ತನೇ ತರಗತಿಯಲ್ಲಿದ್ದಾಗ ನನ್ನ ಗೆಳತಿಯ ಅಪ್ಪ ಹೀಗೇ ಮಳೆಗೆ ಮರದ ಬುಡ ಸೇರಿ ಸಿಡಿಲಿಗೆ ಹೋದರು. ಆ ಮನೆಯ ಜಗಲಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ದಯವಿಟ್ಟು ಇದನ್ನೊಂದು ನೆನಪಿಡಿ: ಗುಡುಗು ಕೇಳಿದರೆ ಮನೆ, ಇಲ್ಲವೇ ತಗಡಿನ ಮೈ ಇರುವ ವಾಹನ. ಮರ ಬೇಡವೇ ಬೇಡ. ಕೊನೆಯ ಗುಡುಗು ನಿಂತ ಮೇಲೂ ಅರ್ಧ ಗಂಟೆ ಹೊರಗೆ ಬರಬೇಡಿ. ಸಿಡಿಲಿನ ಮುನ್ನೆಚ್ಚರಿಕೆಗೆ ದಾಮಿನಿ ಎಂಬ ಆ್ಯಪ್ ಇದೆ, ಪುಣೆಯ ಹವಾಮಾನ ಸಂಸ್ಥೆಯದ್ದು. ಹಾಕಿಕೊಳ್ಳಿ.

ಮಳೆ ಮುಕ್ಕಾಲು ಗಂಟೆ ಹೊಡೆಯಿತು. ಮನೆಗೆ ಬಂದು ನೋಡಿದರೆ ನಮ್ಮ ತೋಟದ ಮಳೆ ಅಳತೆಯಲ್ಲೇ ಒಂದು ಇಂಚು ನಲವತ್ತು ಸೆಂಟ್ಸ್ (ನೂರು ಸೆಂಟ್ಸ್ ಅಂದರೆ ಒಂದು ಇಂಚು). ಅಪ್ಪನ ಕಾಲದಿಂದ ಡೈರಿಯಲ್ಲಿ ಹೀಗೇ ಬರೆಯುವುದು. ಒಂದು ಇಂಚು ಮಳೆ ಎಂದರೆ ಒಂದು ಎಕರೆಗೆ ಲಕ್ಷ ಲೀಟರ್‌ಗಿಂತ ಜಾಸ್ತಿ ನೀರು. ಗುಡ್ಡದ ಮೇಲೆ ಅದನ್ನೆಲ್ಲ ಹಿಡಿಯುವುದು ಯಾರು? ಹುಲ್ಲು. ಮಳೆ ನಿಂತ ಮೇಲೆ ಆ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿದೆ. ಹುಲ್ಲಿದ್ದ ಕಡೆ ನೀರು ತಿಳಿಯಾಗಿ ಜಿನುಗುತ್ತಿತ್ತು. ಅವರು ತೆಗೆದ ಗುಂಡಿಗಳಿಂದ ಕೆಂಪು ನೀರು ಮಣ್ಣು ಹೊತ್ತುಕೊಂಡು ಓಡುತ್ತಿತ್ತು. ಒಬ್ಬರೂ ಮಾತಾಡಲಿಲ್ಲ. ಹುಲ್ಲಿನ ಬೇರಿನಲ್ಲಿ ಇಂಗಿದ ನೀರು ನಿಧಾನಕ್ಕೆ ಶೋಲಾಕ್ಕೆ ಇಳಿದು, ಅಲ್ಲಿಂದ ಹಳ್ಳವಾಗಿ, ಬೇಸಿಗೆಯಲ್ಲೂ ಸ್ವಲ್ಪ ಸ್ವಲ್ಪ ಬರುತ್ತಿರುತ್ತದೆ. ಯಗಚಿ ನದಿ ಹುಟ್ಟುವುದು ಇದೇ ಬಾಬಾಬುಡನ್ ಬೆಟ್ಟಸಾಲಿನಲ್ಲಿ. ಬೇಲೂರು ದಾಟಿ ಹೇಮಾವತಿ ಸೇರುವ ಆ ನೀರನ್ನು ನಮ್ಮ ಊರೂ ಕುಡಿಯುತ್ತದೆ.

"ಮರ ಇದ್ದರೆ ತಾನೇ ಮಳೆ ಟೀಚರ್, ನೆಟ್ಟರೆ ತಪ್ಪೇನು?" ಎಂದು ಮನೆಗೆ ಬಂದವರೊಬ್ಬರು ಕೇಳಿದರು. ಮರ ನೆಡುವುದು ಒಳ್ಳೆಯದೇ. ಆದರೆ ಕುದುರೆಮುಖದ ನೆತ್ತಿ ಪೂರ್ತಿ ಹುಲ್ಲು. ಅಲ್ಲಿ ವರ್ಷಕ್ಕೆ 5,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಮಳೆ ಕರೆಯಲು ಆ ಹುಲ್ಲಿಗೆ ಯಾರ ಬೇವೂ ಬೇಕಾಗಿಲ್ಲ. ಮರ ಇಂಗಾಲ ಹಿಡಿಯುತ್ತದೆ ಎಂದೂ ಹೇಳುತ್ತಾರೆ. ಹುಲ್ಲೂ ಹಿಡಿಯುತ್ತದೆ, ಬೇರಿನಲ್ಲಿ, ಮಣ್ಣಿನೊಳಗೆ. ಮಾರ್ಚ್ ತಿಂಗಳ ಕಾಡ್ಗಿಚ್ಚಿಗೆ ಮೇಲಿನ ಹುಲ್ಲು ಸುಟ್ಟರೂ ಆ ಬೇರು ಉಳಿಯುತ್ತದೆ, ಎರಡು ಮಳೆಗೆ ಚಿಗುರುತ್ತದೆ.

ಹುಲ್ಲು ಕಿತ್ತರೆ ಏನಾಗುತ್ತದೆ ಎಂದು ಅಮೆರಿಕದವರನ್ನು ಕೇಳಬೇಕು. ಅಲ್ಲಿಯ ಪ್ರೇರಿ ಹುಲ್ಲುಗಾವಲು ಖಾಲಿ ಬಿದ್ದಿದೆ ಎಂದು ಗೋಧಿಗಾಗಿ ಉತ್ತರು. 1930ರ ದಶಕದಲ್ಲಿ ಬರ ಬಂತು. ಹಿಡಿದುಕೊಳ್ಳಲು ಬೇರಿಲ್ಲದ ಮಣ್ಣು ಗಾಳಿಗೆ ಎದ್ದಿತು. 1935ರ ಏಪ್ರಿಲ್ 14ರಂದು ಎದ್ದ ದೂಳಿನ ಬಿರುಗಾಳಿಗೆ ಹಗಲೇ ಕತ್ತಲಾಯಿತು. ಆ ದಿನವನ್ನು ಕಪ್ಪು ಭಾನುವಾರ ಎಂದೇ ಕರೆಯುತ್ತಾರೆ. ಲಕ್ಷಾಂತರ ಜನ ಊರು ಬಿಟ್ಟರು. ಆ ಬಯಲಿನಲ್ಲಿ ಬರ, ಬಿರುಗಾಳಿ, ಸುಂಟರಗಾಳಿ ಮೊದಲೂ ಇದ್ದವು. ಈ ಸಲ ನೆಲ ಕಾಯುತ್ತಿದ್ದ ಹುಲ್ಲು ಮಾತ್ರ ಇರಲಿಲ್ಲ.

ನಮ್ಮಲ್ಲೂ ಖಾಲಿ ಎಂಬ ಮಾತಿಗೆ ಕೊನೆಯೇ ಇಲ್ಲ. ಸರ್ಕಾರದ ಲೆಕ್ಕದಲ್ಲೇ ಎಷ್ಟೋ ಹುಲ್ಲುಗಾವಲು ಪಾಳುಭೂಮಿಯ ಪಟ್ಟಿಯಲ್ಲಿದೆ. ಕಡೂರು, ಬೀರೂರು, ಅಜ್ಜಂಪುರದ ಕಾವಲುಗಳನ್ನೇ ನೋಡಿ. ಅಮೃತಮಹಲ್ ದನ ಮೇದ ನೆಲ ಅದು. ಬಾಸೂರು ಕಾವಲಿನಲ್ಲಿ ಕೃಷ್ಣಮೃಗ ಇವೆ ಎಂದು 2011ರಲ್ಲಿ ಅದನ್ನು ಸಂರಕ್ಷಿತ ಪ್ರದೇಶ ಮಾಡಿದರು. ಕೃಷ್ಣಮೃಗ ಓಡಲು ಬಯಲೇ ಬೇಕು, ಅಲ್ವಾ? 2022ರಲ್ಲಿ ಬಾಬಾಬುಡನ್‌ಗಿರಿಯಲ್ಲಿ ಕುರಿಂಜಿ ಅರಳಿದಾಗ ರಸ್ತೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ, ಅಷ್ಟು ಜನ. ಆ ನೀಲಿ ಹೂ ಅರಳಿದ್ದು ಇದೇ ಗುಡ್ಡದ ಮೈಯಲ್ಲಿ. ಹೂ ಇದ್ದಾಗ ಫೋಟೋ, ಹೂ ಹೋದ ಮೇಲೆ ಬೋಳು.

ಇನ್ನೊಂದು ಮಾತು ಹೇಳಲೇಬೇಕು. ನಾನೂ ನೆಟ್ಟಿದ್ದೇನೆ. ಕಾಲೇಜಿನಲ್ಲಿ ಎನ್‌ಎಸ್‌ಎಸ್ ಶಿಬಿರಕ್ಕೆ ಹೋಗಿ, ಒಂದು ಊರಿನ ಹಿಂದಿನ ಹುಲ್ಲುಗುಡ್ಡದಲ್ಲಿ ಹತ್ತು ದಿನ ಅಕೇಶಿಯಾ ನೆಟ್ಟೆವು. ಹಾಡು ಹೇಳಿಕೊಂಡು ನೆಟ್ಟೆವು. ಈಗ ಅದರ ಕೆಳಗೆ ಹುಲ್ಲಿಲ್ಲ, ಒಣಗಿದ ಎಲೆಯ ರಾಶಿ ಮಾತ್ರ. ಆಗ ಏಪ್ರಿಲ್‌ನಲ್ಲೂ ಹರಿಯುತ್ತಿದ್ದ ಹಳ್ಳ ಈಗ ಫೆಬ್ರವರಿಗೇ ನಿಲ್ಲುತ್ತದೆ ಎಂದು ಆ ಊರಿನವರು ಹೇಳಿದರು. ಬೋರ್‌ವೆಲ್‌ಗಳೂ ಕಾರಣ ಇರಬಹುದು. ಆದರೂ ಆ ಗುಂಡಿಗಳಲ್ಲಿ ನನ್ನ ಕೈಯೂ ಇತ್ತು. ಅದಕ್ಕಿಂತ ನೋವಿನ ವಿಷಯ ಬೇರೆ ಇದೆ. ಇಪ್ಪತ್ತೆಂಟು ವರ್ಷ ಟಂಡ್ರಾ, ಟೈಗಾ, ಪ್ರೇರಿ, ಸವನ್ನಾ ಎಲ್ಲ ಬಾಯಿಪಾಠ ಮಾಡಿಸಿದೆ. ಶಾಲೆಯ ಕಿಟಕಿಯಿಂದ ಬಾಬಾಬುಡನ್ ಸಾಲು ಕಾಣುತ್ತಿತ್ತು. ಒಂದು ದಿನವೂ ಮಕ್ಕಳಿಗೆ, ಅಗೋ ನೋಡಿ, ಅದೂ ಒಂದು ಅಪರೂಪದ ಹುಲ್ಲುಗಾವಲು, ಅದು ನಮ್ಮದು ಎಂದು ಹೇಳಲಿಲ್ಲ. ಆ ಹುಡುಗ "ಎಲ್ಲಾ ಕಡಿದು ಹಾಕಿದ್ದಾರೆ" ಎಂದಾಗ ನನಗೆ ಅಷ್ಟು ಸಿಟ್ಟು ಬಂದದ್ದು ಬಹುಶಃ ಅದಕ್ಕೇ.

ಮರದ ಕೆಳಗಿನಿಂದ ಎಳೆದು ತಂದ ಹುಡುಗ ಅರಸೀಕೆರೆ ಕಡೆಯವನು. "ಹೌದು ಮೇಡಂ, ಬೇವು ನಮ್ಮೂರಲ್ಲಿ ತಾನಾಗೇ ಹುಟ್ಟುತ್ತೆ, ಇಲ್ಲಿ ಒಂದನ್ನೂ ಕಾಣೆ" ಎಂದ. ಅವನೇ ಉಳಿದವರಿಗೆ ಹೇಳಿ ನೆಟ್ಟಿದ್ದ ಹನ್ನೊಂದು ಸಸಿ ವಾಪಸ್ ತೆಗೆಸಿದ. ಕಿತ್ತ ಹುಲ್ಲಿನ ಹೆಂಟೆಗಳನ್ನು ಗುಂಡಿಗೆ ಮುಚ್ಚಿ ಕಾಲಲ್ಲಿ ಒತ್ತಿದೆವು, ಕೆಲವಾದರೂ ಹಿಡಿದುಕೊಳ್ಳಬಹುದು. ಅರ್ಧ ಸಸಿ ಅವನು ತನ್ನ ಊರಿಗೆ ಒಯ್ದ. ಇನ್ನರ್ಧ ನಮ್ಮ ಅಂಗಳದಲ್ಲಿದೆ. ಮೂವತ್ತೆರಡು ಬೇವು, ಹದಿನೆಂಟು ಹೊಂಗೆ. ಕಡೂರು, ಬೀರೂರು, ಅರಸೀಕೆರೆ ಕಡೆ ಬದುವಿನ ಮೇಲೆ ನೆಡುವವರು ಇದ್ದರೆ ಇನ್‌ಬಾಕ್ಸ್‌ಗೆ ಬನ್ನಿ. ರೋಹಿಣಿ ಮಳೆ ಹಿಡಿಯುವುದರೊಳಗೆ ಕೊಟ್ಟುಬಿಡುತ್ತೇನೆ.