ನೀರಿನ ಬಿಲ್‌ಗೆ ಮಾತ್ರ ಆಟೋಪೇ ಬೇಡ ಅಂತೀನಿ

ಕರೆಂಟು, ಗ್ಯಾಸು, ಇಂಟರ್ನೆಟ್ಟು, ಮೊಬೈಲು, ಎಲ್ಲಕ್ಕೂ ಆಟೋಪೇ (ಬಿಲ್ ದುಡ್ಡು ಬ್ಯಾಂಕಿಂದ ತಾನಾಗೇ ಕಟ್ ಆಗೋದು) ಹಾಕ್ಕೊಳ್ಳಿ, ನಂದೇನೂ ತಕರಾರಿಲ್ಲ. ನೀರಿನ ಬಿಲ್‌ಗೆ ಮಾತ್ರ ಬೇಡ. ಫ್ಯಾಮಿಲಿ ಗ್ರೂಪಲ್ಲಿ ಇದನ್ನ ಹಾಕಿದ್ದಕ್ಕೆ "ಇವನ್ಯಾವ ಕಾಲದಲ್ಲಿದ್ದಾನಪ್ಪ" ಅಂತ ಎಲ್ಲ ನಗೋ ಇಮೋಜಿ ಹಾಕಿದ್ರು, ಅಲ್ಲಿ ಟೈಪ್ ಮಾಡ್ತಾ ಕೂತ್ರೆ ಮಧ್ಯದಲ್ಲಿ ಗುಡ್ ಮಾರ್ನಿಂಗ್ ಫೋಟೋ ಬರ್ತಾವೆ, ಅದಕ್ಕೆ ಇಲ್ಲೇ ಬರೀತಿದೀನಿ.

ಕಟ್ಟೋಕೆ ದಾರಿ ಇಲ್ಲ ಅನ್ನೋ ಹಾಗೇನಿಲ್ಲ ಈಗ. ಬೆಂಗಳೂರಲ್ಲಿ ಜಲಮಂಡಳಿ ಬಿಲ್ ಅಂದ್ರೆ ಆರ್‌ಆರ್ ನಂಬರ್, ಅಂದ್ರೆ ನಿಮ್ಮ ಕನೆಕ್ಷನ್ ನಂಬರ್, ಒಂದು ಕೈಲಿದ್ರೆ ಸಾಕು. ಫೋನ್‌ಪೇ, ಗೂಗಲ್ ಪೇ, ಪೇಟಿಎಂ, ನಿಮ್ಮ ಬ್ಯಾಂಕಿನ ಆ್ಯಪ್, ಯಾವುದ್ರಲ್ಲಾದ್ರೂ ವಾಟರ್ ಬಿಲ್ ಅಂತ ಒತ್ತಿ, ಬೋರ್ಡ್ ಹೆಸರು ಆರಿಸಿ, ಆರ್‌ಆರ್ ನಂಬರ್ ಹಾಕಿದ್ರೆ ಬಾಕಿ ಬಂದ್ಬಿಡತ್ತೆ. ಹೊರಗಡೆ ಬಣ್ಣ ಬೇರೆ ಬೇರೆ, ಒಳಗಡೆ ಬಹುತೇಕ ಎಲ್ಲ ಹೋಗೋದು ಭಾರತ್ ಬಿಲ್‌ಪೇ ಅನ್ನೋ ಒಂದೇ ಪೈಪಲ್ಲಿ. ಅದು ಬೇಡ ಅಂದ್ರೆ ಜಲಮಂಡಳಿ ವೆಬ್‌ಸೈಟಲ್ಲೇ ಕಟ್ಬಹುದು. ಕ್ಯಾಶ್ ಕೊಡೋರಿಗೆ ಬೆಂಗಳೂರು ಒನ್ ಇದೆ, ಜಲಮಂಡಳಿ ಕೌಂಟರ್ ಇದೆ. ಬೇರೆ ಊರಲ್ಲಿ ಪಾಲಿಕೆನೋ ಪುರಸಭೆನೋ ಬಿಲ್ ಕೊಡತ್ತೆ, ಅಲ್ಲೂ ಸುಮಾರು ಹೀಗೇ. ಇಷ್ಟು ವಿಷಯ ಯಾರ್ ಬೇಕಾದ್ರೂ ಹೇಳ್ತಾರೆ.

ನಾನು ಹೇಳ್ಬೇಕಿರೋದು ಆ್ಯಪಲ್ಲಿ ಏನು ಕಾಣಲ್ಲ ಅನ್ನೋದನ್ನ. ಹೆಸರು ಬರತ್ತೆ (ನಮ್ಮನೇದು ಇವತ್ತಿಗೂ ತಾತನ ಹೆಸರಲ್ಲೇ ಇದೆ, ತಾತ ಹೋಗಿ ಎಷ್ಟೋ ವರ್ಷ ಆಯ್ತು), ಮೊತ್ತ ಬರತ್ತೆ, ಕೊನೇ ದಿನಾಂಕ ಬರತ್ತೆ, ಮುಗೀತು. ಹಿಂದಿನ ರೀಡಿಂಗ್ ಎಷ್ಟು, ಈ ಸಲದ್ದು ಎಷ್ಟು, ಎಷ್ಟು ಸಾವಿರ ಲೀಟರ್ ಖರ್ಚಾಯ್ತು, ನಿಜವಾಗಿ ಮೀಟರ್ ನೋಡಿ ಹಾಕಿದ್ದೋ ಇಲ್ಲ ಗೇಟ್ ಬೀಗ ಇತ್ತು ಅಂತ ಸರಾಸರಿ ಹಾಕಿದ್ದೋ, ಇದೆಲ್ಲ ಇರೋದು ಮೀಟರ್ ರೀಡರ್ ಕೊಟ್ಟು ಹೋಗೋ ಚೀಟೀಲಿ. ಪಾಪ ಆ ಮನುಷ್ಯ ಬಗ್ಗಿ ಮೀಟರ್ ಮೇಲಿನ ಮುಚ್ಚಳ ಎತ್ತಿ, ಗಾಜಿನ ಮೇಲಿರೋ ಕೆಸರು ಒರೆಸಿ, ನಂಬರ್ ನೋಡಿ ಕೈಲಿರೋ ಮಿಷಿನ್‌ಗೆ ಒತ್ತಿ, ಚೀಟಿ ಹರಿದು ಗೇಟಿಗೆ ಸಿಕ್ಕಿಸಿ ಹೋಗ್ತಾರೆ. ನಾವು ಅದನ್ನ ನೋಡೋಷ್ಟರಲ್ಲಿ ಮಳೇಲಿ ನೆಂದೋ ಬಿಸಿಲಿಗೆ ಅಕ್ಷರ ಮಾಸಿಯೋ ಹೋಗಿರತ್ತೆ, ಹೇಗಿದ್ರೂ ಆ್ಯಪಲ್ಲಿ ಬರತ್ತಲ್ಲ ಅಂತ ಮುದುರಿ ಬಿಸಾಕ್ತೀವಿ.

ನಮ್ಮಕ್ಕನ ಮನೇಲಿ ಆಗಿದ್ದು ಕೇಳಿ. ಭಾವ ಎಲ್ಲಕ್ಕೂ ಆಟೋಪೇ, ನೀರಿಗೂ ಆಟೋಪೇ, ಲಿಮಿಟ್ 2,000 ಇಟ್ಟಿದ್ರು. ಸಂಪ್ ತುಂಬಿದ ಕೂಡ್ಲೇ ನೀರು ನಿಲ್ಲಿಸೋ ಬಾಲ್ ವಾಲ್ವ್ ಕೆಟ್ಟು ನಿಂತಿದೆ. ಅವ್ರ ಬೀದಿಗೆ ಕಾವೇರಿ ನೀರು ಬಿಡೋದು ನಡುರಾತ್ರಿ, ದಿನ ಬಿಟ್ಟು ದಿನ. ಸಂಪ್ ತುಂಬಿ, ಓವರ್‌ಫ್ಲೋ ಪೈಪಲ್ಲಿ ನೀರು ಸೀದಾ ಮೋರಿಗೆ. ಮೇಲಿಂದ ಏನೂ ಕಾಣಲ್ಲ, ಸದ್ದೂ ಇಲ್ಲ, ಬೆಳಗ್ಗೆ ಎದ್ದು ನೋಡಿದ್ರೆ ಸಂಪ್ ಫುಲ್ಲು, ಎಲ್ರಿಗೂ ಖುಷಿ. ಬಿಲ್ ಏರಿದೆ, ಆದ್ರೆ ಲಿಮಿಟ್ ಒಳಗೇ ಇದೆ, ದುಡ್ಡು ತಾನಾಗೇ ಕಟ್ ಆಗಿದೆ, ಬ್ಯಾಂಕಿಂದ ಬಂದ ಮೆಸೇಜು ಆಫರ್ ಮೆಸೇಜುಗಳ ಮಧ್ಯ ಕಳ್ದೋಗಿದೆ. ಕೊನೆಗೆ ಹೇಳಿದ್ದು ಯಾರು ಗೊತ್ತಾ, ಬೀದಿಗೆ ನೀರು ಬಿಡೋ ವಾಲ್ವ್‌ಮ್ಯಾನ್. "ಮೇಡಂ, ರಾತ್ರಿ ನಿಮ್ಮ ಮನೆ ಮುಂದಿನ ಮೋರೀಲಿ ಒಳ್ಳೇ ನೀರು ಹರೀತಿತ್ತಲ್ಲ" ಅಂತ. ಬಾಲ್ ವಾಲ್ವ್ ಬದಲಾಯಿಸೋಕೆ ಪ್ಲಂಬರ್‌ಗೆ ಅರ್ಧ ಗಂಟೆನೂ ಹಿಡೀಲಿಲ್ಲ.

ಸಾಲದಕ್ಕೆ ನೀರಿನ ರೇಟು ಸ್ಲ್ಯಾಬ್ ಲೆಕ್ಕ, ಬಳಕೆ ಜಾಸ್ತಿ ಆದ ಹಾಗೆ ರೇಟೂ ಏರತ್ತೆ. 2014ರಿಂದ ಏರಿಸದೇ ಇದ್ದೋರು 2025ರ ಏಪ್ರಿಲ್‌ನಲ್ಲಿ ಏರಿಸಿದ್ರಲ್ಲ, ಆಗ ಮನೆ ಬಳಕೆಗೆ ಮೊದಲ 8,000 ಲೀಟರ್‌ಗೆ ಸಾವಿರಕ್ಕೆ 8.50 ರೂಪಾಯಿ, ಅಲ್ಲಿಂದ 25,000ವರೆಗೆ ಅದಕ್ಕಿಂತ ಜಾಸ್ತಿ, ಅದರ ಮೇಲೆ 50,000ವರೆಗೆ 34 ಅಂತಾಯ್ತು. ಮುಂದೆ ಪ್ರತಿ ಏಪ್ರಿಲ್‌ಗೂ ಶೇ 3 ಏರತ್ತೆ ಅಂತ ಆಗಲೇ ಹೇಳಿದ್ರು. ಆ 2025ರ ರೇಟಲ್ಲೇ ಸುಮ್ನೆ ಕೂಡಿ ನೋಡಿ. ತಿಂಗಳಿಗೆ 20,000 ಲೀಟರ್ ಬಳಸೋ ಮನೆಗೆ ನೀರಿನ ದುಡ್ಡು 250 ರೂಪಾಯಿ ಒಳಗೇ. ಅದೇ ಮನೇಲಿ ಸೋರಿ 40,000 ಆದ್ರೆ 800 ದಾಟತ್ತೆ. ಒಳಚರಂಡಿ ಶುಲ್ಕ ಗಿಲ್ಕ ಬೇರೆ. ನೀರು ಡಬಲ್ಲು, ಬಿಲ್ಲು ಮೂರು ಪಟ್ಟಿಗಿಂತ ಜಾಸ್ತಿ. ಇದನ್ನ ಕಣ್ಣಾರೆ ನೋಡಿದ ಯಾರೇ ಆಗ್ಲಿ ಏನೋ ಎಡವಟ್ಟಾಗಿದೆ ಅಂತ ಎದ್ದು ಹೋಗಿ ಸಂಪ್ ಮುಚ್ಚಳ ತೆಗೀತಾರೆ. ಆಟೋಪೇ ತೆಗೆಯಲ್ಲ. ಇಂಟರ್ನೆಟ್ ಬಿಲ್ ತಿಂಗಳಾ ಅದೇ ಅಷ್ಟೇ, ಅದನ್ನ ನೋಡಿ ತಿಳ್ಕೊಳ್ಳೋದೇನಿಲ್ಲ. ನೀರಿನ ಬಿಲ್ ಹಾಗಲ್ಲ ಸ್ವಾಮಿ, ಮನೆ ಪೈಪ್ ಆರೋಗ್ಯದ ರಿಪೋರ್ಟ್ ಅದು, ತಿಂಗಳಿಗೊಂದು ಫ್ರೀಯಾಗಿ ಬರ್ತಿದೆ.

ಇನ್ನೊಂದು. ಸೋರ್ತಿದ್ಯಾ ನೋಡೋದು ಹೇಗೆ ಅಂತ ಗೂಗಲ್ ಮಾಡಿದ್ರೆ "ಮನೆ ನಲ್ಲಿ ಎಲ್ಲ ಬಂದ್ ಮಾಡಿ, ಮೀಟರಲ್ಲಿರೋ ಪುಟ್ಟ ಚಕ್ರ ತಿರುಗ್ತಿದ್ಯಾ ನೋಡಿ" ಅಂತ ಬರತ್ತೆ. ಬೆಂಗಳೂರಿನ ಸಂಪ್ ಇರೋ ಮನೆಗಳಿಗೆ ಅದು ಹೊಂದಲ್ಲ ಯಾಕಂದ್ರೆ ನಮ್ಮ ಮೀಟರ್ ಇರೋದು ಸಂಪಿಗಿಂತ ಮುಂಚೆ, ಬೀದಿ ಪೈಪಿಂದ ನೀರು ಬಂದಾಗ ಮಾತ್ರ ಅದು ತಿರುಗೋದು. ಹಾಗಾಗಿ ಮಾಡ್ಬೇಕಿರೋದು ಎರಡು ಕೆಲಸ. ಸಂಪ್ ತುಂಬಿದ್ಮೇಲೆ, ಬೀದಿ ಪೈಪಲ್ಲಿ ಇನ್ನೂ ನೀರು ಬಿಡ್ತಿರೋ ಹೊತ್ತಲ್ಲಿ ಹೋಗಿ ನೋಡಿ, ಚಕ್ರ ನಿಂತಿರ್ಬೇಕು, ತಿರುಗ್ತಿದ್ರೆ ಬಾಲ್ ವಾಲ್ವ್ ಅಥವಾ ಮಧ್ಯದ ಪೈಪು ಅಂತ ಅರ್ಥ. ಮನೆ ಒಳಗಿನ ಸೋರಿಕೆಗೆ ರಾತ್ರಿ ಮಲಗೋ ಮುಂಚೆ ಮೇಲಿನ ಟ್ಯಾಂಕಲ್ಲಿ ನೀರಿನ ಮಟ್ಟ ಗುರುತು ಮಾಡಿ, ಬೆಳಗ್ಗೆ ಯಾರೂ ಬಾತ್ರೂಮಿಗೆ ಹೋಗೋ ಮುಂಚೆ ನೋಡಿ. ಇಳಿದಿದ್ರೆ ಮೊದಲ ಅನುಮಾನ ಫ್ಲಶ್ ಟ್ಯಾಂಕ್ ಮೇಲೆ. ಕಣ್ಣಿಗೆ ದಾರದಷ್ಟು ಸೋರೋ ಫ್ಲಶ್ಶು ದಿನಕ್ಕೆ ನೂರಾರು ಲೀಟರ್ ಕುಡಿಯತ್ತೆ. ಈ ನೀರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ಪಂಪ್‌ಹೌಸ್ ದಾಟ್ಕೊಂಡು ಸುಮಾರು ಅರ್ಧ ಕಿಲೋಮೀಟರ್ ಎತ್ತರ ಹತ್ತಿ ಬಂದಿರತ್ತೆ, ಬಂದು ನಮ್ಮನೆ ಕಮೋಡಲ್ಲಿ ಇಳಿದು ಹೋಗತ್ತೆ ಅಂದ್ರೆ ನನಗಂತೂ ಹೊಟ್ಟೆ ಉರಿಯತ್ತೆ.

ಹಾಗಂತ ಆ್ಯಪ್ ಬೇಡ ಅಂತಲ್ಲ, ನಾನೂ ಯುಪಿಐಲೇ ಕಟ್ಟೋದು. ಚೀಟಿ ಬಂದ ದಿನವೇ ಫೋಟೋ ತೆಗೆದು ಇಡ್ತೀನಿ, ರೀಡಿಂಗ್ ನೋಡ್ತೀನಿ, ಆಮೇಲೆ ಕಟ್ತೀನಿ. ದುಡ್ಡು ಕಟ್ ಆಗಿ "ಪೆಂಡಿಂಗ್" ಅಂತ ಸುತ್ತುತಾ ಇದ್ರೆ ಗಾಬರಿ ಬಿದ್ದು ಇನ್ನೊಂದ್ಸಲ ಕಟ್ಬೇಡಿ. ಅಂಗಡಿ, ಬಿಲ್ಲು ಈ ಥರ ಪಾವತಿ ಫೇಲ್ ಆದ್ರೆ ವಹಿವಾಟಿನ ದಿನದಿಂದ ಐದು ದಿನದೊಳಗೆ ದುಡ್ಡು ತಾನಾಗೇ ವಾಪಸ್ ಬರ್ಬೇಕು, ತಡ ಆದ್ರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡ್ಬೇಕು ಅಂತ ರಿಸರ್ವ್ ಬ್ಯಾಂಕ್ 2019ರಲ್ಲೇ ರೂಲ್ಸ್ ಮಾಡಿದೆ. ಸ್ಕ್ರೀನ್‌ಶಾಟು, ಟ್ರಾನ್ಸಾಕ್ಷನ್ ನಂಬರ್ ಇಟ್ಕೊಂಡು ಆ್ಯಪಲ್ಲೇ ಕಂಪ್ಲೇಂಟ್ ಹಾಕಿ. ಬಿಲ್ಲೇ ತಪ್ಪು ಅನ್ಸಿದ್ರೆ ಮಾತ್ರ ಆ್ಯಪ್‌ನವರ ಹತ್ರ ಜಗಳ ಆಡಿ ಉಪಯೋಗ ಇಲ್ಲ, ಜಲಮಂಡಳಿಯ 1916ಕ್ಕೆ ಫೋನ್ ಮಾಡಿ, ಇಲ್ಲ ನೀರಿನ ಅದಾಲತ್ ಇಟ್ಟಾಗ ಮೀಟರ್ ಫೋಟೋ ಸಮೇತ ಹೋಗಿ.

"ಇವತ್ತು ರಾತ್ರಿ ನಿಮ್ಮ ನೀರಿನ ಕನೆಕ್ಷನ್ ಕಟ್ ಆಗತ್ತೆ, ಈ ನಂಬರ್‌ಗೆ ಕಾಲ್ ಮಾಡಿ, ಈ ಫೈಲ್ ಇನ್‌ಸ್ಟಾಲ್ ಮಾಡಿ" ಅಂತ ವಾಟ್ಸಾಪಲ್ಲಿ ಬಂದ್ರೆ ಅದು ಕಳ್ಳರೇ. ಅದ್ರಲ್ಲಿ ಅನುಮಾನವೇ ಬೇಡ. ದುಡ್ಡು ಹೋಗ್ಬಿಟ್ಟಿದ್ರೆ ತಕ್ಷಣ 1930.

ಇನ್ನು ಕೌಂಟರ್ ವಿಷಯ. ಎಲ್ಲ ಆನ್‌ಲೈನ್ ಆಯ್ತಲ್ಲ, ಕೌಂಟರ್ ಯಾಕೆ ಬೇಕು ಅನ್ನೋರು ಒಂದ್ಸಲ ನಮ್ಮಮ್ಮನ ಜೊತೆ ಬೆಂಗಳೂರು ಒನ್‌ಗೆ ಹೋಗಿ ಬನ್ನಿ. ಅಮ್ಮ ಚೀಟಿ ಕೊಟ್ಟು, ನೋಟು ಎಣಿಸಿ, "ಯಾಕಮ್ಮ ಈ ಸಲ ಎಪ್ಪತ್ತು ರೂಪಾಯಿ ಜಾಸ್ತಿ" ಅಂತ ಕೇಳೇ ಕೇಳ್ತಾರೆ. ಕೌಂಟರ್ ಹುಡುಗಿಗೆ ಗೊತ್ತಿರಲ್ಲ, ಪಕ್ಕದಲ್ಲಿ ಕ್ಯೂ ನಿಂತ ಅಂಕಲ್‌ಗೆ ಗೊತ್ತಿರತ್ತೆ. "ಮನೇಲಿ ನೆಂಟರು ಬಂದಿದ್ರಾ? ಇಲ್ವಾ? ಹಾಗಾದ್ರೆ ಸಂಪ್ ನೋಡಿಸಿ." ಯಾವ ಆ್ಯಪೂ ಈ ಪ್ರಶ್ನೆ ಕೇಳಲ್ಲ. ನಮ್ಮೂರು ತುಮಕೂರು ಕಡೆ ಹಳ್ಳಿ, ಅಲ್ಲಿ ಇವತ್ತಿಗೂ ಪಂಚಾಯ್ತಿ ಬಿಲ್ ಕಲೆಕ್ಟರ್ ಮನೆ ಬಾಗಿಲಿಗೇ ಬಂದು ತಿಂಗಳಿಗಿಷ್ಟು ಅಂತ ಇಸ್ಕೊಂಡು ರಶೀದಿ ಹರ್ಕೊಡ್ತಾನೆ. ನೀರು ಸರಿಯಾಗಿ ಬಿಡದ ತಿಂಗಳು ಅಜ್ಜಿ ಜಗುಲಿ ಮೇಲೆ ಕೂತು ಅವನಿಗೆ ಪೂಜೆ ಮಾಡಿಯೇ ದುಡ್ಡು ಕೊಡೋದು, ಅವನು ಆ ಬೈಗುಳನ ಊರಿಗೆ ನೀರು ಬಿಡೋ ನೀರುಗಂಟಿಗೆ ತಲುಪಿಸ್ತಾನೆ.

ಬಾಡಿಗೆ ಮನೇಲಿರೋರು ಕೇಳ್ತಾರೆ, ನಮಗೆ ಚೀಟಿನೇ ಸಿಗಲ್ವಲ್ಲ, ಓನರ್ ತಲೆಗೆ ಇಷ್ಟು ಅಂತ ಇಸ್ಕೋತಾರೆ ಅಂತ. ನಾಲ್ಕು ಮನೆಗೆ ಒಂದೇ ಮೀಟರ್ ಇರೋ ಕಡೆ ಇದು ಇದ್ದಿದ್ದೇ. ಜಗಳ ಬೇಡ, ಮೀಟರ್ ಗೇಟ್ ಹತ್ರಾನೇ ಇರತ್ತೆ, ತಿಂಗಳಾ ಒಂದನೇ ತಾರೀಕು ಮುಚ್ಚಳ ಎತ್ತಿ ಒಂದು ಫೋಟೋ ಹೊಡ್ಕೊಳ್ಳಿ, ಕಪ್ಪು ಅಂಕಿ ಸಾವಿರ ಲೀಟರ್ ಲೆಕ್ಕ, ಕೆಂಪು ಬಿಟ್ಬಿಡಿ. ಆರ್‌ಆರ್ ನಂಬರ್ ಗೊತ್ತಿದ್ರೆ ಓನರ್ ಹೇಳಿದ ಮೊತ್ತ ಸರೀನಾ ಅಂತ ದುಡ್ಡು ಕಟ್ಟದೇನೇ ಆ್ಯಪಲ್ಲಿ ನೋಡ್ಬಹುದು. ಓನರ್‌ಗಳು ಇದನ್ನ ಓದ್ತಿದ್ರೆ ನನ್ನನ್ನ ಬೈಕೊಳ್ಳಿ, ಪರವಾಗಿಲ್ಲ, ನಾನೂ ಮೇಲಿನ ಮನೆ ಬಾಡಿಗೆಗೆ ಕೊಟ್ಟಿರೋನೇ, ಚೀಟಿನ ಮೆಟ್ಟಿಲ ಹತ್ರ ಅಂಟಿಸ್ತೀನಿ.