ಅಷ್ಟೊತ್ತಿಗೆ ಮೆಣಸಿನಕಾಯಿ

ಮೊನ್ನೆ ಸಂಜೆ ದಾವಣಗೆರೆಯಲ್ಲಿ ಒಂದು ಮಂಡಕ್ಕಿ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆ. ಪರಿಚಯದ ಹುಡುಗನೊಬ್ಬ ಗೆಳೆಯನಿಗೆ ನನ್ನನ್ನು ತೋರಿಸಿ, "ಇವರು ನಮ್ಮ ತಾತನ ಸಮಕಾಲೀನರು" ಎಂದ. ಅವನ ತಾತ ತೀರಿಕೊಂಡು ಹತ್ತು ವರ್ಷವಾಯಿತು. ನಾನು ಮೆಣಸಿನಕಾಯಿಗೆ ಕಾಯುತ್ತಾ ಕೂತಿದ್ದೇನೆ!

ಸಮಕಾಲೀನ ಅನ್ನೋದು ಪರೀಕ್ಷೆಗೆ ಬರೆಯೋ ಮಾತು. ಹೈದರಾಲಿ, ಮದಕರಿ ನಾಯಕ ಸಮಕಾಲೀನರು ಅಂದರೆ ಇಬ್ಬರೂ ಒಂದೇ ಮೇಷ್ಟ್ರ ಹತ್ತಿರ ಮಗ್ಗಿ ಕಲಿತವರ ಹಾಗೆ ಕೇಳುತ್ತದೆ. 1779ರಲ್ಲಿ ಒಬ್ಬ ಇನ್ನೊಬ್ಬನ ಚಿತ್ರದುರ್ಗವನ್ನೇ ಕಿತ್ತುಕೊಂಡ. ಹುಡುಗ 'ತಾತನ ವಾರಿಗೆಯವರು' ಅಂದಿದ್ದರೆ ನನಗೆ ಬೇಜಾರಿರಲಿಲ್ಲ. ವಾರಿಗೆಯವರು ಒಟ್ಟಿಗೆ ಗೋಲಿ ಆಡಿರುತ್ತಾರೆ, ಒಟ್ಟಿಗೆ ಏಟು ತಿಂದಿರುತ್ತಾರೆ.

ಈ 'ಒಟ್ಟಿಗೆ' ಅನ್ನೋದನ್ನೂ ನಂಬೋ ಹಾಗಿಲ್ಲ. "ಮಂಡಕ್ಕಿ, ಮೆಣಸಿನಕಾಯಿ ಎರಡೂ ಒಟ್ಟಿಗೆ ಕೊಡಪ್ಪ" ಎಂದಿದ್ದೆ. "ಒಟ್ಟಿಗೇ ಸರ್" ಎಂದ. ಮಂಡಕ್ಕಿ ಬಂತು. ಮೆಣಸಿನಕಾಯಿ ಇನ್ನೂ ಬಾಣಲೆಯಲ್ಲಿ ಈಜುತ್ತಿತ್ತು. ಕಾಯೋಣವೆಂದರೆ ಈರುಳ್ಳಿ, ಟೊಮೆಟೊ ನೀರು ಬಿಟ್ಟು ಮಂಡಕ್ಕಿ ಮೆತ್ತಗಾಗುತ್ತದೆ. ಸುಮ್ನೆ ಒಂದೊಂದೇ ಕಾಳು ಅಂತ ಶುರು ಮಾಡಿದೆ. ಮೆಣಸಿನಕಾಯಿ ಬರುವಾಗ ಕಾಗದದ ಮೇಲೆ ಎರಡು ಶೇಂಗಾ ಉಳಿದಿದ್ದವು. ಬರೀ ಮೆಣಸಿನಕಾಯಿ ತಿನ್ನೋಕೆ ಆಗುತ್ತಾ? ಇನ್ನೊಂದು ಮಂಡಕ್ಕಿ ಹೇಳಿದೆ. ಅದು ಬರುವಾಗ ಮೆಣಸಿನಕಾಯಿ ಆರಿ, ಹಿಟ್ಟು ಸಿಪ್ಪೆಯ ಹಾಗೆ ಬಿಟ್ಟುಕೊಂಡಿತ್ತು. ಬಿಸಿಯದು ಬೇಕು ಅಂತ ಮತ್ತೆ ಹೇಳಿದೆ. ಇವನ್ನು ಸಮಕಾಲೀನರು ಅನ್ನಬಹುದು, ಒಟ್ಟಿಗೆ ಅನ್ನೋಕಾಗಲ್ಲ. ಬಿಲ್ಲು ಮಾತ್ರ ಎಲ್ಲದಕ್ಕೂ ಒಟ್ಟಿಗೇ ಬರುತ್ತದೆ, ಅಲ್ವಾ?

ಒಬ್ಬನೇ ಎರಡು ಕೆಲಸ ಮಾಡಿದರೆ ಕನ್ನಡದಲ್ಲಿ ಒಂದು 'ತ್ತಾ' ಸಾಕು. ಮಂಡಕ್ಕಿ ಮುಕ್ಕುತ್ತಾ ಗೊಣಗಿದೆ, ಮುಗಿಯಿತು. ಇಬ್ಬರಾದರೆ 'ತ್ತಾ' ಕೈಕೊಡುತ್ತದೆ. 'ಗಂಡ ಉಣ್ಣುತ್ತಾ ಓಬವ್ವ ಒನಕೆ ಬೀಸಿದಳು' ಅಂದು ನೋಡಿ. 'ಗಂಡ ಉಣ್ಣೋ ಹೊತ್ತಿಗೆ' ಅನ್ನಲೇಬೇಕು. ಅಂದಹಾಗೆ, ಅವಳು ನೀರಿಗೆ ಹೋಗಿ, ಕಿಂಡಿಯಲ್ಲಿ ತೂರಿದ ಸೈನಿಕರನ್ನು ಒಬ್ಬೊಬ್ಬರನ್ನಾಗಿ ಬಡಿದು ಹಾಕೋವರೆಗೂ ಈ ಮಹಾಶಯ ಉಣ್ಣುತ್ತಲೇ ಇದ್ದನಲ್ಲ, ಎಷ್ಟು ಮುದ್ದೆ ನುಂಗಿದನೋ!

ಇದನ್ನೆಲ್ಲ ಆ ಹುಡುಗನಿಗೆ ಹೇಳಿ, ಸಮಕಾಲೀನ ಅನ್ನೋದನ್ನು ಅವನ ಬಾಯಿಂದ ಬಿಡಿಸಬೇಕು ಅಂತ ತಿರುಗಿದೆ. ಅಷ್ಟೊತ್ತಿಗೆ ಮೆಣಸಿನಕಾಯಿ ಬಂತು.