ಜರ್ಮನಿಯ ಮಡಿ

ಕಾರು, ಔಷಧಿ, ಯಂತ್ರ ಎಲ್ಲವನ್ನೂ ಲೋಕಕ್ಕೆ ಮಾರುವ ಮನೆ ಜರ್ಮನಿ. ಒಲೆ ಹೊತ್ತಿಸೋಕೆ ಮಾತ್ರ ಪಕ್ಕದ ಮನೆಯ ಕೆಂಡವೇ ಆಗಬೇಕು. ಕಾರಣ ಬಡತನ ಅಲ್ಲ, ಮಡಿ.

2021ರಲ್ಲಿ ಹೊರಗಿನಿಂದ ತರಿಸಿದ ಗ್ಯಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ರಷ್ಯಾದ್ದು. ಮರುವರ್ಷ ಯುದ್ಧ ಶುರುವಾಯಿತು, ಪೈಪು ಬರಿದಾಯಿತು. ಸ್ವಂತ ನೆಲದಡಿ ಗ್ಯಾಸ್ ಇಲ್ವಾ ಅಂದರೆ, ಇದೆ. ಶೇಲ್ ಬಂಡೆಯೊಳಗೆ ಕೂತಿದೆ. ಬಂಡೆ ಸೀಳಿ ತೆಗೆಯಬೇಕು, ಅದಕ್ಕೆ ಫ್ರ್ಯಾಕಿಂಗ್ ಅಂತ ಹೆಸರು. ಛೆ, ಮೈಲಿಗೆ! 2017ರಿಂದ ಕಾನೂನೇ ಅಡ್ಡ ನಿಂತಿದೆ. ಆದರೆ ಅಮೆರಿಕದಲ್ಲಿ ಬಂಡೆ ಸೀಳಿ ತೆಗೆದ ಗ್ಯಾಸನ್ನು ಮೈನಸ್ 162 ಡಿಗ್ರಿಗೆ ತಣಿಸಿ, ದ್ರವ ಮಾಡಿ, ಹಡಗಿಗೆ ತುಂಬಿ ಅಟ್ಲಾಂಟಿಕ್ ದಾಟಿಸಿದರೆ ಮೈಲಿಗೆ ತೊಳೆದುಹೋಗುತ್ತದೆ. ಕಡಲು ದಾಟಿದವರಿಗೆ ಪ್ರಾಯಶ್ಚಿತ್ತ ಮಾಡಿಸುತ್ತಿದ್ದ ನಮ್ಮ ಹಳಬರಿಗೆ ಈ ಉಪಾಯ ಹೊಳೆಯಲೇ ಇಲ್ಲ, ಪಾಪ.

ಅಣು ವಿದ್ಯುತ್ತಿನದ್ದೂ ಇದೇ ಕಥೆ. 2023ರ ಏಪ್ರಿಲ್ 15ಕ್ಕೆ ಕೊನೆಯ ಮೂರು ಸ್ಥಾವರಗಳಿಗೆ ಬೀಗ ಬಿತ್ತು. ಫ್ರಾನ್ಸಿನಿಂದ ತಂತಿಯಲ್ಲಿ ಬರುವ ಕರೆಂಟು ಯಾವ ಒಲೆಯದ್ದು ಅಂತ ಮಾತ್ರ ಕೇಳಬಾರದು. ಅಗ್ಗಕ್ಕೆ ಸಿಕ್ಕಿತು, ತಗೊಂಡರು.

ನನಗೆ ತುಂಬ ಹಿಡಿಸಿದ್ದು ಗಾರ್ಜ್‌ವೈಲರ್ ಕಲ್ಲಿದ್ದಲು ಗಣಿ. ಅದರ ಅಂಚಿನಲ್ಲಿ, ಕೆಯೆನ್‌ಬರ್ಗ್ ಹಳ್ಳಿಯ ಹತ್ತಿರ, ಎಂಟು ಗಾಳಿಯಂತ್ರಗಳು ತಮ್ಮ ಪಾಡಿಗೆ ತಿರುಗುತ್ತಿದ್ದವು. ಗಣಿ ಅಗೆಯುತ್ತ ಅಗೆಯುತ್ತ ಅವುಗಳ ಬುಡಕ್ಕೇ ಬಂತು. ಸರಿ, ಕ್ರೇನ್ ಬಂದು ಯಂತ್ರಗಳ ರೆಕ್ಕೆ ಕಳಚತೊಡಗಿತು. ಹಳೇ ಯಂತ್ರಗಳು, 2001ರವು, ಪರವಾನಗಿ ಮುಗಿಯುತ್ತಿತ್ತು ಅಂತ ಸಮಜಾಯಿಷಿಯೂ ಬಂತು. ಇರಬಹುದು. ಆದರೂ ಆ ನೋಟ ನೆನೆಸಿಕೊಳ್ಳಿ. ಆಚೆ ದೈತ್ಯ ಚಕ್ರವೊಂದು ಲಿಗ್ನೈಟ್ ಎಂಬ ಕಂದು ಕಲ್ಲಿದ್ದಲನ್ನು ಕೆರೆದು ಕೆರೆದು ಎತ್ತುತ್ತಿದೆ. ಈಚೆ ಬೀಸುವ ಗಾಳಿಗೆ ಹೇಳುತ್ತಿದ್ದಾರೆ: ಸ್ವಲ್ಪ ಸರಿಯಪ್ಪ, ಹೊಗೆಗೆ ದಾರಿ ಬಿಡು.

ಅಲ್ಲ, ಮಡಿ ಅಂದಮೇಲೆ ಮೊದಲು ಸ್ನಾನ ಆಗಬೇಕಲ್ವಾ? ಅಲ್ಲೂ ಎಡವಟ್ಟು. 2022ರ ಆಗಸ್ಟ್‌ನಲ್ಲಿ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದ ಮುಖ್ಯಮಂತ್ರಿ ಕ್ರೆಚ್‌ಮನ್ ಅವರು, ಸದಾ ಶವರ್ ಕೆಳಗೆ ನಿಲ್ಲಬೇಕಿಲ್ಲ, ಮೈ ಒರೆಸಿಕೊಳ್ಳೋಕೆ ಒದ್ದೆ ಬಟ್ಟೆಯೂ ಒಳ್ಳೇ ಸಾಧನವೇ ಎಂಬರ್ಥದ ಮಾತಾಡಿದರು. ಮಡಿಯೂ ಉಳಿಯಿತು, ಗ್ಯಾಸೂ ಉಳಿಯಿತು.

ಇನ್ನು ಕಚ್ಚಾವಸ್ತು. 1886ರಲ್ಲಿ ಸ್ಯಾಕ್ಸನಿಯ ಫ್ರೈಬರ್ಗ್ ಊರಿನಲ್ಲಿ ಕ್ಲೆಮೆನ್ಸ್ ವಿಂಕ್ಲರ್ ಒಂದು ಹೊಸ ಮೂಲವಸ್ತು ಕಂಡುಹಿಡಿದರು. ಹತ್ತಿರದ ಗಣಿಯ ಅದಿರಿನಲ್ಲೇ ಸಿಕ್ಕಿತ್ತು. ಅಭಿಮಾನದಿಂದ ದೇಶದ ಹೆಸರನ್ನೇ ಇಟ್ಟರು. ಇವತ್ತು ಇರುಳಲ್ಲಿ ನೋಡುವ ಕ್ಯಾಮೆರಾದ ಮಸೂರಕ್ಕೆ, ಆಪ್ಟಿಕಲ್ ಫೈಬರ್‌ಗೆ ಅದು ಬೇಕೇ ಬೇಕು. ಅದರ ಬಹುಪಾಲು ತಯಾರಾಗುವುದು ಚೀನಾದಲ್ಲಿ. 2023ರ ಆಗಸ್ಟ್ 1ರಿಂದ ಚೀನಾ ಅದರ ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡಿದೆ. ಯಾರಿಗೆ, ಯಾತಕ್ಕೆ ಅಂತೆಲ್ಲ ಬರೆದುಕೊಟ್ಟು ಕಾಯಬೇಕು.

ಬೀಜಿಂಗಿನ ಗುಮಾಸ್ತರೊಬ್ಬರ ಮೇಜಿನ ಮೇಲೆ ಅಂಥದ್ದೊಂದು ಅರ್ಜಿ ಬಂತು ಅಂದುಕೊಳ್ಳಿ. ವಸ್ತು: ಜರ್ಮೇನಿಯಂ. ಹೋಗಬೇಕಾದ ದೇಶ: ಜರ್ಮನಿ. ಗುಮಾಸ್ತರು ಕನ್ನಡಕ ಸರಿಮಾಡಿಕೊಂಡು ಇನ್ನೊಂದು ಸಲ ಓದುತ್ತಾರೆ.